ನಡುಗುವ ಕೈಯ ಅಂಬಲಿ

ಕೃಷ್ಣೆಯ ಈಚೆ ದಂಡೆಯ ಕರಿಮಣ್ಣಿನ ಬಯಲಿನಲ್ಲಿ, ಮೂರು ಬೇವಿನ ಮರಗಳ ಬಳಿ ಒಂದು ಕುಷ್ಠಾಶ್ರಮವಿತ್ತು. ಪೂಜ್ಯ ಮದರ್ ವೆರೋನಿಕಾ ಅಮ್ಮನವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಕನ್ಯಾಮಠದ ಕೋಣೆ ಬೇಡವೆಂದು, ರೋಗಿಗಳು ಊಟಕ್ಕೆ ಕೂರುವ ಪಡಸಾಲೆಯ ಮೂಲೆಯಲ್ಲಿ ಒಂದು ಮಂಚ ಹಾಕಿಸಿಕೊಂಡಿದ್ದರು. ನಲವತ್ತು ವರ್ಷ ಹುಣ್ಣು ತೊಳೆದ ಅವರ ಕೈಗಳು ಎರಡು ಸಲ ಲಕ್ವ ಹೊಡೆದು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಮುಖದ ಮೇಲೆ ನೊಣ ಕೂತರೂ ಓಡಿಸಲಾರರು. ಆದರೂ ಸುತ್ತಲಿನ ಊರುಗಳಿಂದ ಜನ ಅವರ ದರ್ಶನಕ್ಕೆ ಬರುತ್ತಿದ್ದರು. ಸಂತರ ಬಳಿಗೆ ಜನ ಬರಿಗೈಯಲ್ಲಿ ಬಂದರೂ ಬರಿಬಾಯಲ್ಲಿ ಬರುವುದಿಲ್ಲ; ಮಳೆ ಬೇಕು, ಮಗು ಬೇಕು, ಮೊಕದ್ದಮೆ ಗೆಲ್ಲಬೇಕು. ಪೌಲಿನಮ್ಮ ಬಂದದ್ದು ಸಾವು ಬೇಡಲು.

ಪೌಲಿನಮ್ಮ ತಾಲೂಕಿನ ದವಾಖಾನೆಯೊಂದರಲ್ಲಿ ಮೂವತ್ತಾರು ವರ್ಷ ನರ್ಸು. ಅವಳ ಕೈಗುಣ ದೊಡ್ಡದು. ಡಾಕ್ಟರು ಯಾರೇ ಬರಲಿ, ಸೂಜಿ ಮಾತ್ರ ಪೌಲಿನಮ್ಮ ಹಾಕಲಿ ಎನ್ನುತ್ತಿದ್ದರು ಜನ. ಮಲಗಿದ ಕೂಸು ಏಳದಂತೆ ಸೂಜಿ ಚುಚ್ಚಿ ತೆಗೆಯುವಳು. ಭಾನುವಾರ ಪೂಜೆಗೆ ತಪ್ಪದೆ ಹೋಗುತ್ತಿದ್ದಳು ನಿಜ, ಆದರೆ ಅವಳ ನಂಬಿಕೆಯೆಲ್ಲ ಇದ್ದದ್ದು ಆ ಹತ್ತು ಬೆರಳುಗಳಲ್ಲಿ. ಆ ಬೆರಳುಗಳೇ ಒಂದು ದಿನ ನಡುಗಿದವು. ಮೊದಲು ಚಹದ ಬಸಿ ಕುಣಿಯಿತು. ಆಮೇಲೆ ಒಂದು ಕೂಸಿನ ತೊಡೆಯಲ್ಲಿ ಸೂಜಿ ಬಾಗಿತು. ತಾಯಿ ಕೂಸನ್ನು ಅವಳ ಕೈಯಿಂದ ಕಸಿದುಕೊಂಡಳು. ಮುಂದಿನ ವಾರ ಶಾಲು ಹೊದಿಸಿ, ಹಾರ ಹಾಕಿ, ಅವಳನ್ನು ಮನೆಗೆ ಕಳಿಸಿದರು. ನಮ್ಮ ಕಡೆ ಶಾಲು ಹೊದಿಸುವುದೆಂದರೆ ಮರ್ಯಾದೆಯಿಂದ ಮುಚ್ಚಿಡುವುದು.

ಮದುವೆಯಾಗದ ಅವಳಿಗೆ ಅಕ್ಕನ ಮನೆಯೇ ಮನೆ. ಅಲ್ಲಿ ಯಾರೂ ಬೈಯಲಿಲ್ಲ. ಅವಳ ತಟ್ಟೆಯ ಕೆಳಗೆ ಹಳೇ ಪೇಪರು ಹಾಸತೊಡಗಿದರು, ಅಷ್ಟೆ. ಇನ್ನು ಜಪಮಾಲೆ ಹಿಡಿದು ಶಾಂತವಾಗಿರು ಎಂದು ಊರಿನ ಚರ್ಚಿನ ಗುರುಗಳು ಹೇಳಿದಾಗ, ಅಳುವ ಕೂಸಿಗೆ ಗಿಲಕಿ ಕೊಟ್ಟಂತೆ ಅವಳಿಗೆ ಅನ್ನಿಸಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರ, ನೆತ್ತಿ ಸುಡುವ ಹೊತ್ತಿನಲ್ಲಿ ಅವಳು ಆಶ್ರಮಕ್ಕೆ ಬಂದಳು. ಮಂಚದ ಬದಿಯಲ್ಲಿ ಕೂತು, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, ಹೆಸರು ಹೇಳಿದಳು, ಊರು ಹೇಳಿದಳು, ಬಾಗಿದ ಸೂಜಿಯ ಕಥೆ ಹೇಳಿದಳು. ಕೊನೆಗೆ ಹೇಳಿದಳು: “ಅಮ್ಮಾರ, ನಿಮ್ಮ ಮಾತು ದೇವರು ಕೇಳ್ತಾನ ಅಂತಾರ. ನಾ ಹೆಚ್ಚಿಗಿ ಏನೂ ಬೇಡೂದಿಲ್ಲ. ಇನ್ನೊಬ್ಬರ ಕೈಲೆ ಉಣ್ಣೋ ದಿನ ಬರೋದ್ರೊಳಗ ನನ್ನ ಕರಕೊ ಅಂತ ಹೇಳ್ರಿ.”

ಹೇಳಿ ಮುಗಿಸಿದ ಮೇಲೆ, ಯಾರ ಮುಂದೆ ಏನು ಆಡಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಅಮ್ಮನವರು ನೊಂದಂತೆ ಕಾಣಲಿಲ್ಲ. ಆಗಷ್ಟೇ ಊಟದ ಗಂಟೆಯಾಗಿತ್ತು. ಯಾರೋ ಜೋಳದ ಅಂಬಲಿಯ ಬಟ್ಟಲು ತಂದಿಟ್ಟು ಹೋಗಿದ್ದರು.

“ನನಗ ಹಸಿವಾಗೇದ,” ಎಂದರು. “ಇವತ್ತು ನೀನ ಉಣಸವ್ವ.”

ಪೌಲಿನಮ್ಮ ಸೆರಗಿನಿಂದ ಕೈ ತೆಗೆದು ತೋರಿಸಿದಳು. “ನೋಡ್ರಿ ಇವನ್ನ.”

“ನೋಡೀನಿ,” ಎಂದು ಅಮ್ಮನವರು ಬಾಯಿ ತೆರೆದು ಕಾದರು.

ಮೊದಲ ಚಮಚ ಅರ್ಧ ಮುಟ್ಟಿತು. ಎರಡನೆಯದು ಗದ್ದಕ್ಕಿಳಿಯಿತು. ಮೂರನೆಯದು ಹಲ್ಲಿಗೆ ಟಕ್ಕೆಂದು ಬಡಿದು ಬಿಳಿಯ ಉಡುಪಿನ ಎದೆಯ ಮೇಲೆ ಚೆಲ್ಲಿತು. ಸಾಲಿನಲ್ಲಿ ಕೂತ ರೋಗಿಗಳು ಉಣ್ಣುವುದನ್ನು ಬಿಟ್ಟು ನೋಡಿದರು. ಪೌಲಿನಮ್ಮ ಬಟ್ಟಲು ಕೆಳಗಿಟ್ಟಳು. ಅಮ್ಮನವರು ಬಾಯಿ ಮುಚ್ಚಲಿಲ್ಲ. ಸಿಸ್ಟರೊಬ್ಬರು ಒರೆಸುವ ಬಟ್ಟೆ ಹಿಡಿದು ಓಡಿ ಬಂದರೆ, ಬೇಡವೆಂದು ತಲೆಯಾಡಿಸಿ ಕಳಿಸಿದರು. ಪೌಲಿನಮ್ಮ ಮತ್ತೆ ಬಟ್ಟಲು ಎತ್ತಿಕೊಳ್ಳಬೇಕಾಯಿತು.

ಪಡಸಾಲೆಯ ಆಚೆ ತುದಿಯಲ್ಲಿ ಹುಸೇನಪ್ಪನೆಂಬ ಮುದುಕ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ರೋಗ ಅವನ ಬೆರಳುಗಳನ್ನೆಲ್ಲ ತಿಂದಿತ್ತು. ಮಣಿಕಟ್ಟಿಗೆ ಅರಿವೆಯಿಂದ ಚಮಚ ಕಟ್ಟಿಸಿಕೊಂಡು ಉಣ್ಣುವಾಗ ಅರ್ಧ ಚೆಲ್ಲುತ್ತಿದ್ದುದರಿಂದ, ಹನ್ನೊಂದು ವರ್ಷದಿಂದ ಅವನು ಗೋಡೆಗೆ ಬಿಟ್ಟು ಬೇರೆ ಯಾರಿಗೂ ತನ್ನ ಊಟ ತೋರಿಸಿದವನಲ್ಲ. ಹಲ್ಲಿಗೆ ಚಮಚ ಬಡಿದ ಸದ್ದಿಗೆ ಈ ದಿನ ತಿರುಗಿದ. ಅಮ್ಮನವರ ಎದೆಯ ಮೇಲಿನ ಕಲೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಟ್ಟೆಯನ್ನು ನೂಕುತ್ತ, ತೆವಳುತ್ತ ಮಂಚದ ಬಳಿಗೆ ಬಂದು, ಎಲ್ಲರಿಗೂ ಮುಖ ಕೊಟ್ಟು ಕೂತು ಉಣ್ಣತೊಡಗಿದ.

“ನರ್ಸಮ್ಮ,” ಎಂದ, “ನನಗಿಂತ ನೀನ ಭಾಳ ಚೆಲ್ಲತೀ.”

ಅದೊಂದು ಮಾತಿಗೆ, ಶಾಲು ಹೊದಿಸಿದ ದಿನವೂ ಅಳದವಳು ಅತ್ತಳು. ಈ ಕೈ ಇನ್ನು ಯಾತಕ್ಕೆ ಬಂತು ಎಂದು ಅಮ್ಮನವರನ್ನು ಕೇಳಿದಳು.

ಅಮ್ಮನವರು ಗೋಡೆಯ ಮೇಲಿದ್ದ ಶಿಲುಬೆಯ ಕಡೆ ಕಣ್ಣೆತ್ತಿದರು. “ಕೈ ಆಡೋವಾಗ ಯೇಸುಸ್ವಾಮಿ ಕುರುಡರನ್ನ ಮುಟ್ಟಿದ, ಇವರಂಥವರನ್ನ ಮುಟ್ಟಿದ. ಅದು ಕೆಲವರಿಗೆ ಆತು. ಲೋಕಕ್ಕೆಲ್ಲಾ ಆಗೋದನ್ನ ಮಾಡಿದ್ದು ಎರಡೂ ಕೈಗೆ ಮೊಳಿ ಬಡದ ಮ್ಯಾಲ, ಪೌಲಿನಾ.”

ಆಮೇಲೆ ಅವಳ ಕಡೆ ತಿರುಗಿ, “ನೀ ಬೇಡಿದ್ದನ್ನ ನಾನೂ ಎರಡು ವರ್ಷ ಬೇಡೀನಿ. ಕೊಡಲಿಲ್ಲ,” ಎಂದರು. ಆ ಸಂಜೆಯ ಪ್ರಾರ್ಥನೆಗೆ ಅವರು ಅದೇ ಕಲೆಯ ಉಡುಪಿನಲ್ಲೇ ಕೂತರು.

ಪೌಲಿನಮ್ಮ ಅಕ್ಕನ ಮನೆಗೆ ತಿರುಗಿ ಹೋಗಲಿಲ್ಲ. ಅವಳ ನಡುಕ ವಾಸಿಯಾಯಿತೆಂದು ಕೆಲವು ಭಕ್ತರು ಸೇರಿಸಿ ಹೇಳುವುದುಂಟು, ಹಾಗೇನೂ ಆಗಲಿಲ್ಲ. ಅದೇ ನಡುಗುವ ಕೈಯಿಂದ ನಾಲ್ಕು ವರ್ಷ ಅಮ್ಮನವರಿಗೆ ಉಣಿಸಿದಳು. ಅವರನ್ನು ಬೇವಿನ ಮರದ ಕೆಳಗೆ ಮಣ್ಣು ಮಾಡಿದ ಮೇಲೆ ನಡುಕ ಕಾಲಿಗಿಳಿಯಿತು, ನಾಲಿಗೆಗೆ ಏರಿತು. ಎಲ್ಲ ದಿನಗಳೂ ಬೆಳಕಿನ ದಿನಗಳಾಗಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ ದಿನಗಳೂ ಇದ್ದವು. ಕಡೆಗೆ ಮೂಲೆಯ ಆ ಮಂಚ ಅವಳದ್ದಾಯಿತು.

ಮಂಚ ಹಿಡಿದ ಮೊದಲ ಮಧ್ಯಾಹ್ನ, ಊಟದ ಗಂಟೆಯಾದಾಗ, ಮಣಿಕಟ್ಟಿಗೆ ಚಮಚ ಕಟ್ಟಿಸಿಕೊಂಡ ಹುಸೇನಪ್ಪ ಪಕ್ಕದಲ್ಲಿ ಬಂದು ಕೂತ.

“ಬಾಯಿ ತಗಿ, ನರ್ಸಮ್ಮ.”

ಅಂಬಲಿ ಅರ್ಧ ಬಾಯಿಗೆ ಹೋಯಿತು, ಅರ್ಧ ಸೀರೆಯ ಎದೆಯ ಮೇಲೆ ಬಿತ್ತು. ಪೌಲಿನಮ್ಮ ಮುಖ ತಿರುಗಿಸಲಿಲ್ಲ. ನುಂಗಿ, ಮತ್ತೆ ಬಾಯಿ ತೆರೆದಳು.