ಮುಳ್ಳಿಲಿ ಕಂಡ ಸಂಚು

ನದೀತೀರದ ದ್ರಾಕ್ಷಿ ಬೆಳೆಗಾರರು ನಡುಬೇಸಿಗೆಯ ಬೆಂಕಿಹಬ್ಬಕ್ಕೆಂದು, ಸವರಿ ಒಣಗಿಸಿದ ಬಳ್ಳಿಗಳನ್ನು ದಡದ ಮೇಲೆ ಎತ್ತರಕ್ಕೆ ಒಟ್ಟಿದ್ದರು. ಮುಳ್ಳಿಲಿಯೊಂದು ಆ ರಾಶಿಯೊಳಗೆ ನುಗ್ಗಿ ಬಿಡಾರ ಹೂಡಿತು.

ಹಬ್ಬದ ಸಂಜೆ ಕಾಗೆ ಬಂದು ಹೇಳಿತು: "ಬೇಗ ಹೊರಗೆ ಬಾ. ಕತ್ತಲಾದೊಡನೆ ಇದಕ್ಕೆ ಬೆಂಕಿ ಇಡುತ್ತಾರೆ."

"ನಾನು ಸತ್ತರೆ ನಿನಗೇನು ನಷ್ಟ?"

"ಏನೂ ಇಲ್ಲ."

"ಮತ್ತೆ ಹೇಳಲು ಬಂದದ್ದೇಕೆ? ಈ ಮನೆಯ ಮೇಲೆ ನಿನ್ನ ಕಣ್ಣು ಬಿದ್ದಿದೆ!" ಎಂದು ಮುಳ್ಳಿಲಿ ಉಂಡೆಯಾಗಿ ಮುದುಡಿಕೊಂಡಿತು.

ಅಷ್ಟರಲ್ಲಿ ತೋಟದ ಮುದುಕಿಯೊಬ್ಬಳು ಪಂಜು ಹಿಡಿದು ಬಂದವರನ್ನು ತಡೆದಳು. "ಸ್ವಲ್ಪ ತಾಳ್ರಪ್ಪ, ಒಳಗೆ ಯಾವ ಜೀವ ಸೇರ್ಕೊಂಡಿದೆಯೋ ನೋಡ್ತೀನಿ" ಎಂದು ಬಳ್ಳಿ ಸರಿಸಿ ಕೈ ಹಾಕಿದಳು. ಮುಳ್ಳು ನಾಟಿ ಬೆರಳಲ್ಲಿ ರಕ್ತ ಬಂತು. ಆದರೂ ಬಿಡದೆ ಮುಳ್ಳಿಲಿಯನ್ನು ಎತ್ತಿ ತಂದು ದ್ರಾಕ್ಷಿ ಸಾಲಿನ ನಡುವೆ ಇಳಿಸಿ ಹೋದಳು.

ಬೆಂಕಿ ಭುಗಿಲೆದ್ದು ನದಿಯೆಲ್ಲ ಕೆಂಪಾಯಿತು. ಮುಳ್ಳಿಲಿ ಮೆಲ್ಲಗೆ ಮೂತಿ ಹೊರಗಿಟ್ಟು ನೋಡಿತು.

"ಈಗಲಾದರೂ ನಂಬಿಕೆ ಬಂತೇ?" ಎಂದು ಕಾಗೆ ಬೇಲಿಯ ಮೇಲಿಂದ ಕೇಳಿತು.

"ಪೂರ್ತಿ ಬಂತು. ಆ ಮುದುಕಿಯೂ ನಿನ್ನ ಕಡೆಯವಳೇ. ಬೆಂಕಿ ಬೀಳುವುದು ನಿನಗೆ ಮೊದಲೇ ಗೊತ್ತಿತ್ತಲ್ಲ! ನನ್ನ ಮನೆ ಸುಡಿಸಿದ್ದು ನೀನೇ."