ಬೆವರುವ ಬಂಡೆಯ ಅಭಯೇಶ್ವರ

ಪಶ್ಚಿಮಸಮುದ್ರವು ಈಗಿನಷ್ಟು ಹಿಂದೆ ಸರಿಯದೆ ಗಿರಿಪಾದಗಳನ್ನೇ ತೊಳೆಯುತ್ತಿದ್ದ ಪುರಾತನಕಾಲದಲ್ಲಿ, ಶಂಖಾವತೀ ನದಿಯ ಅಳಿವೆಯ ಬಳಿ, ನಾನಾದೇಶಗಳ ನೌಕೆಗಳು ತಂಗುತ್ತಿದ್ದ ಶಂಖಪುರವೆಂಬ ಪಟ್ಟಣವಿದ್ದಿತು. ಕೋಟೆಯ ಹೊರಗಿನ ಗುಡ್ಡದಲ್ಲಿ ಕರಿಬಂಡೆಗೆ ಆತುಕೊಂಡಿದ್ದ ಶಿವಾಲಯದಲ್ಲಿ, ಸ್ವಭಾವತಃ ಅಂಜುಬುರುಕರಾದ, ಆದರೆ ನಿತ್ಯಪೂಜೆಯನ್ನು ಎಂದೂ ತಪ್ಪಿಸದ ಈಶಾನಭಟ್ಟರು ಅರ್ಚಕರಾಗಿದ್ದರು.

ಆ ಕಾಲದಲ್ಲಿ ಉರಿಮುಖರೆಂಬ ಕ್ರೂರಗಣವೊಂದು ರೇವಿನಿಂದ ರೇವಿಗೆ ಸಂಚರಿಸುತ್ತ, ಜನರು ದೇವರೆದುರು ಕಣ್ಮುಚ್ಚಿ ನಿಂತ ಗಳಿಗೆಯನ್ನೇ ಕಾದು ಸಂಹರಿಸುತ್ತಿತ್ತು. ಬದುಕುಳಿದವರ ಎದೆಯ ನಡುಕವೇ ಅವರಿಗೆ ಬೇಕಾಗಿದ್ದ ಕಪ್ಪಕಾಣಿಕೆ. ಒಂದು ದಿನ ಅವರು ಶಂಖಪುರದ ಕೋಟೆಯ ಹೊರಗಿದ್ದ ಅರಬ್ ನಾವಿಕರ ಪ್ರಾರ್ಥನಾಮಂದಿರಕ್ಕೆ ನುಗ್ಗಿ, ಸಾಲಾಗಿ ಬಾಗಿದ್ದವರನ್ನು ಕೊಚ್ಚಿ, ಪರದೇಶಿಗಳಿಗೆ ಆಶ್ರಯವಿತ್ತವರಿಗೂ ಇದೇ ಗತಿಯೆಂದು ಸಾರಿಹೋದರು. ಭಯಗ್ರಸ್ತರಾದ ಪುರಜನರು, ಹೊರಗಿರುವವರಲ್ಲಿ ನಾವಿಕರಾರು ಘಾತುಕರಾರು ಎಂದು ತಿಳಿಯದೆ, ನಿನ್ನೆಯ ಗೆಳೆಯರನ್ನೂ ಶಂಕಿಸಿ ಕೋಟೆಬಾಗಿಲು ಮುಚ್ಚಿದರು.

ಅರಬ್ ಹಡಗಿನ ಒಡೆಯ ಯಹಿಯಾ ಗಾಯಗೊಂಡ ತಮ್ಮನನ್ನು ಹೊತ್ತು ಗುಡ್ಡ ಹತ್ತಿದನು. ಚೀನದ ನಾವಿಕರೂ ಸಿಂಹಳದ ಭಿಕ್ಷುವೊಬ್ಬನೂ ಉಳಿದ ಗಾಯಾಳುಗಳನ್ನು ಹೊತ್ತು ತಂದರು. ಭಟ್ಟರು ಅಗುಳಿಯ ಮೇಲೆ ಕೈಯಿಟ್ಟು ನಿಂತೇಬಿಟ್ಟರು.

"ಏನು ನೋಡುತ್ತ ನಿಂತಿರಿ? ರಕ್ತ ಹೊಸ್ತಿಲ ಮೇಲೆ ಬೀಳುತ್ತಿದೆ" ಎಂದರು ಅವರ ಪತ್ನಿ ಸೋಮಬ್ಬೆ.

"ಇವರ ಹಿಂದೆಯೇ ಅವರೂ ಬಂದರೆ?"

"ಬರುತ್ತಾರೆ. ಅಷ್ಟರೊಳಗೆ ಬಾಗಿಲು ತೆಗೆಯಿರಿ."

ತೆಗೆದರು. ಮರುದಿನ ಪ್ರದೋಷಕಾಲದಲ್ಲಿ ಉರಿಮುಖರು ಪಂಜುಗಳನ್ನು ಹಿಡಿದು ಗುಡ್ಡವೇರತೊಡಗಿದರು. ಕೆಳಗಿನ ಒಣಹುಲ್ಲು ಹೊತ್ತಿಕೊಂಡು, ಹೊಗೆ ಗರ್ಭಗೃಹದವರೆಗೂ ಹಬ್ಬಿತು.

"ಭಟ್ಟರೇ, ನಮ್ಮನ್ನು ಒಪ್ಪಿಸಿಬಿಡಿ. ನಿಮ್ಮ ದೇವರ ಮನೆಯಾದರೂ ಉಳಿಯಲಿ" ಎಂದನು ಯಹಿಯಾ.

ಭಟ್ಟರು ಅವನ ಕೈಯನ್ನು ಗಟ್ಟಿಯಾಗಿ ಹಿಡಿದು, "ಬಿಡಬೇಡಪ್ಪಾ, ನನಗೆ ನಿಲ್ಲಲಾಗುತ್ತಿಲ್ಲ" ಎಂದರು. ಯಹಿಯಾ ಭಿಕ್ಷುವಿನ ಕೈ ಹಿಡಿದನು, ಭಿಕ್ಷು ಚೀನದವನದನ್ನು, ಅವನು ಸೋಮಬ್ಬೆಯದನ್ನು; ಹಾಗೆಯೇ ಎಲ್ಲರೂ ಆಲಯದ ಹೊರಗೆ ಬಂದು ನಿಂತರು. ಕೋಟೆಯ ಮೇಲಿಂದ ಇದನ್ನು ಕಂಡ ಬೆಸ್ತರು ಮೊದಲು ಬಾಗಿಲು ದೂಡಿ ಅಡ್ಡದಾರಿಯಿಂದ ಮೇಲೆ ಓಡಿದರು; ಅವರ ಹಿಂದೆ ಊರೇ ಬಂದಿತು. ಎಲ್ಲರೂ ಆಲಯವನ್ನೂ ಬಂಡೆಯನ್ನೂ ಬಳಸಿ ನಿಂತು, ತಂತಮ್ಮ ಭಾಷೆಯಲ್ಲಿ ತಂತಮ್ಮ ದೇವರನ್ನು ಕರೆದರು. ಕಾಲುಗಳು ನಡುಗುತ್ತಿದ್ದವು, ಅಂಗೈಗಳು ಬೆವರಿ ಜಾರುತ್ತಿದ್ದವು.

ಆಗ ಅವರ ಬೆನ್ನ ಹಿಂದಿನ ಕರಿಬಂಡೆಯೂ ಬೆವರಿತು. ಹನಿಗಳು ಧಾರೆಯಾಗಿ, ಧಾರೆ ತೊರೆಯಾಗಿ ಇಳಿಜಾರಿಗೆ ಹರಿದು ಬೆಂಕಿಯನ್ನು ನುಂಗಿತು. ಶಿಲಾಗರ್ಭದಿಂದ ವಾಣಿಯೊಂದು ಕೇಳಿಬಂತು: "ಮಕ್ಕಳೇ, ಅಂಜಿಕೆಯನ್ನು ನಾನೂ ಬಲ್ಲೆ. ಅಂಜಿಯೂ ಬಾಗಿಲು ತೆರೆದವರ ನಡುವೆಯೇ ನನ್ನ ನೆಲೆ."

ನಡುಗುತ್ತಲೇ ಕದಲದೆ ನಿಂತ ಜನರನ್ನು ಉರಿಮುಖರು ಅದುವರೆಗೆ ಕಂಡಿರಲಿಲ್ಲ. ಆರಿದ ಪಂಜುಗಳನ್ನು ಬಿಸುಟು ಕಡಲಿಗಿಳಿದರು; ಎಲ್ಲಿಗೆ ಹೋದರೆಂಬುದು ಯಾರಿಗೂ ತಿಳಿಯದು. ಯಹಿಯಾನ ತಮ್ಮ ಉಳಿಯಲಿಲ್ಲ. ಗುಡ್ಡದ ಮಗ್ಗುಲಲ್ಲಿರುವ ಅವನ ಗೋರಿಗೆ ಅಣ್ಣನೊಡನೆ ಮೊದಲ ಹಿಡಿ ಮಣ್ಣು ಹಾಕಿದವರು ಈಶಾನಭಟ್ಟರು.

ಅಂದಿನಿಂದ ಆ ಶಿವನು ಅಭಯೇಶ್ವರನೆನಿಸಿದನು. ಕಡುಬೇಸಿಗೆಯಲ್ಲಿಯೂ ಒಸರುವ ಆ ಬಂಡೆಯನ್ನು ಭಕ್ತಾದಿಗಳು ಇಂದಿಗೂ ಕಾಣಬಹುದು. ಇದು ನಡೆದ ತಿಥಿಯಾದ ಫಾಲ್ಗುಣ ಬಹುಳ ತ್ರಯೋದಶಿಯ ಸಂಜೆ ಇಲ್ಲಿ ಬಾಗಿಲು ಮುಚ್ಚುವುದಿಲ್ಲ. ಬಂದವರು ಪಕ್ಕದಲ್ಲಿರುವ ಅಪರಿಚಿತರ ಕೈ ಹಿಡಿದು, ಹೆಸರು ಕುಲಗಳನ್ನು ಕೇಳದೆ, ಬಂಡೆಯನ್ನು ಸುತ್ತುವರಿದು ಕಡಲಿನತ್ತ ನೋಡುತ್ತ ನಿಲ್ಲುತ್ತಾರೆ. ಅಂಗೈ ಬೆವರಿದರೆ ನಾಚಬೇಕಾಗಿಲ್ಲ. ಒರೆಸಿಕೊಳ್ಳಲೆಂದು ಮಾತ್ರ ಕೈ ಬಿಡಬಾರದು.