ಮದುಮಗಳ ಕಾರಿಗೆ ಬಿಸಿನೀರು

ಬಹಳ ಹಿಂದೆ, ಕೆಂಪು ಕಲ್ಲಿನ ದಿಬ್ಬದ ಮೇಲೆ ಒಂದು ಊರಿತ್ತು. ಎಷ್ಟು ಹಿಂದೆ ಎಂದು ಕೇಳಿದರೆ ನನ್ನ ಅಜ್ಜಿ, ಊರಿಗೆಲ್ಲ ಒಂದೇ ಕಾರು ಇದ್ದ ಕಾಲ ಎನ್ನುತ್ತಿದ್ದಳು. ನಾನೂ ನಿಮಗೆ ಅಷ್ಟೇ ಹೇಳಬಲ್ಲೆ.

ಆ ಕಾಲದಲ್ಲಿ ಆ ಸೀಮೆಯಲ್ಲಿ ಝರೆಪ್ಪ ಎಂಬುವನಿದ್ದ. ಕೆಟ್ಟು ನಿಂತ ಡೀಸೆಲ್ ಎಂಜಿನ್ನನ್ನು ಅದು ನಿಂತ ಮನೆಯಲ್ಲೇ ರಿಪೇರಿ ಮಾಡುವುದು ಅವನ ಕಸುಬು. ಹಳ್ಳದ ಆಚೆ ದಂಡೆಯಲ್ಲಿ ನಿಂತು, ಈಚೆ ಊರಿನ ಎಂಜಿನ್ನಿನ ಕೆಮ್ಮು ಕೇಳಿ ಅದರ ಕಾಯಿಲೆ ಹೇಳುತ್ತಿದ್ದನಂತೆ. ತುಕ್ಕು ಹಿಡಿದ ನಟ್ಟು ಅವನು ಹೆಸರು ಹಿಡಿದು ಕರೆದರೆ ತಾನಾಗಿ ಸಡಿಲವಾಗುತ್ತಿತ್ತಂತೆ. ನಟ್ಟಿಗೆ ಹೆಸರೆಲ್ಲಿಂದ ಬರಬೇಕು ಎಂದು ನಾನು ಅಜ್ಜಿಯನ್ನು ಕೇಳಿದ್ದೆ. ಅದು ಝರೆಪ್ಪನಿಗೆ ಗೊತ್ತಿತ್ತು ಎಂದಳು.

ಅವನಿಗೆ ಎರಡು ನೇಮಗಳಿದ್ದವು ಎನ್ನುತ್ತಾರೆ. ಬಾನೆಟ್ ಎತ್ತುವ ಮೊದಲು, ಈ ಗಾಡಿಯಲ್ಲಿ ಯಾರು ಕೂಡುತ್ತಿದ್ದರು ಎಂದು ಕೇಳುತ್ತಿದ್ದ. ಮತ್ತು ತಣ್ಣಗಿರುವ ಎಂಜಿನ್ನಿಗೆ ಎಂದೂ ನಟ್ಟು ತಿರುಗಿಸುವ ಪಾನಾ ಹಚ್ಚುತ್ತಿರಲಿಲ್ಲ.

ಊರಿನ ಆ ಒಂದೇ ಕಾರು ವೈಜಪ್ಪನದು. ಯಾರ ಮನೆಯ ಮಗಳ ಮದುವೆಯಾದರೂ ಮರುದಿನ ನಸುಕಿನಲ್ಲಿ ಅವಳು ಗಂಡನ ಮನೆಗೆ ಹೊರಡುವುದು ಅದರಲ್ಲೇ. ವೈಜಪ್ಪ ಕಾರನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದ. ಮದುಮಗಳು ಹಿಂದೆ ಕುಳಿತ ಮೇಲೆ ಕೀಲಿ ತಿರುಗಿಸಿ ಸುಮ್ಮನೆ ಕೂಡುತ್ತಿದ್ದ.

ಹೀಗೆ ಕೂಡುವುದಕ್ಕೆ ಕಾರಣವಿತ್ತು. ಆಗಿನ ಡೀಸೆಲ್ ಎಂಜಿನ್ನು ಚಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತಿರಲಿಲ್ಲ. ಅದರ ತಲೆಯೊಳಗೆ ಬೆರಳುದ್ದದ ನಾಲ್ಕು ಹೀಟರ್ ಪ್ಲಗ್ಗುಗಳಿರುತ್ತಿದ್ದವು. ಕೀಲಿ ತಿರುಗಿಸಿದರೆ ಅವುಗಳ ತುದಿ ಕೆಂಡದಂತೆ ಕೆಂಪಾಗಿ ಒಳಗನ್ನು ಬೆಚ್ಚಗೆ ಮಾಡಬೇಕು. ಒಳಗೆ ಅವು ಕೆಂಪಾದದ್ದು ಹೊರಗೆ ತಿಳಿಯಲೆಂದು ಡ್ರೈವರನ ಮುಂದೆಯೂ ಒಂದು ಸಣ್ಣ ತಂತಿಯ ಸುರುಳಿ ಇರುತ್ತಿತ್ತು. ಅದು ಕೆಂಪಾದ ಮೇಲೆಯೇ ಹೊರಡುವುದು.

ವೈಜಪ್ಪ ಆ ಸುರುಳಿಯ ಮೇಲೆ ಕಣ್ಣಿಟ್ಟು, ಹಿಂದೆ ತಿರುಗದೆ ಕೇಳುತ್ತಿದ್ದ:

"ಏನಾರ ಮರ್ತೀ ಏನವ್ವಾ? ನೆನಸ್ಕೋ. ಗಾಡಿ ಇನ್ನಾ ಬಿಸಿ ಆಗ್ಲತ್ತದ."

ಹುಡುಗಿ ಮನೆಯ ಕಡೆ ನೋಡುತ್ತಿದ್ದಳು. ಒಬ್ಬಳಿಗೆ ಬಾಚಣಿಗೆ ನೆನಪಾಗುತ್ತಿತ್ತು. ಒಬ್ಬಳಿಗೆ ತಾನು ಮೈ ಸವರದೆ ಬಂದ ಕರು ನೆನಪಾಗುತ್ತಿತ್ತು. ಇಳಿದು ಓಡಿಹೋಗಿ ಬರುತ್ತಿದ್ದಳು. ಹೊರಗೆ ನಿಂತ ಹಿರಿಯರಿಗೆ ಚಳಿಯಲ್ಲಿ ತಾಳ್ಮೆ ಸಾಲುತ್ತಿರಲಿಲ್ಲ.

"ವೈಜ್ಯಾ, ನಿನ್ನ ಗಾಡಿ ಹಾಲು ಕಾಸ್ಲತ್ತದೋ ಏನೋ!" ಎಂದು ಯಾರೋ ಕೂಗುತ್ತಿದ್ದರು.

"ಚಳಿ ಭಾಳ ಅದ ಮಾವಾ," ಎನ್ನುತ್ತಿದ್ದ ವೈಜಪ್ಪ.

ಹುಡುಗಿ ಸಾಕು ಎಂದ ಮೇಲೆ ಬ್ರೇಕು ಬಿಡುತ್ತಿದ್ದ. ಕಾರು ಇಳಿಜಾರಿನಲ್ಲಿ ಉರುಳಿ, ಗುಡುಗಿ, ಹೊರಟು ಹೋಗುತ್ತಿತ್ತು.

ಒಂದು ಮಳೆಗಾಲದ ಜ್ವರದಲ್ಲಿ ವೈಜಪ್ಪ ತೀರಿಕೊಂಡ. ಅವನ ತಮ್ಮ ಘಾಳೆಪ್ಪ, ಅಣ್ಣನ ಕಾರು ಬೀದಿಯಲ್ಲಿ ನಿಲ್ಲಬಾರದೆಂದು ಅದನ್ನು ಅಂಗಳಕ್ಕೆ ತಳ್ಳಿಸಿ, ತೊಳೆಸಿ, ಅಣ್ಣನದೇ ಧೋತ್ರ ಹೊದಿಸಿದ. ಆಮೇಲೆ ಅದು ಶುರುವಾಗಲೇ ಇಲ್ಲ. ಕಾರು ಯಜಮಾನನ ಶೋಕದಲ್ಲಿದೆ ಎಂದು ಊರಿನವರು ಹೇಳಿಕೊಂಡರು. ದಾರಿಯಲ್ಲಿ ಹೋಗುವ ಹೆಂಗಸರು ಅದರ ಮೂತಿ ಸವರಿ ಹೋಗುತ್ತಿದ್ದರಂತೆ.

ಮಾಘದಲ್ಲಿ ವೈಜಪ್ಪನ ಮಗಳು ಸುಗಲಾಳ ಮದುವೆ ಗೊತ್ತಾಯಿತು. ಅವಳು ಒಡವೆ ಕೇಳಲಿಲ್ಲ, ಸೀರೆಯ ಬಣ್ಣ ಕೇಳಲಿಲ್ಲ. ಘಾಳೆಪ್ಪನನ್ನು ಒಂದೇ ಮಾತು ಕೇಳಿದಳು.

"ಊರಾಗಿನ ಹುಡುಗ್ಯಾರೆಲ್ಲ ನಮ್ಮಪ್ಪನ ಕಾರಿನಾಗ ಹೋದ್ರು. ನಾ ಒಬ್ಬಾಕಿ ಟ್ರ್ಯಾಕ್ಟರಿನಾಗ ಹೋಗ್ಬೇಕೇನು ಕಾಕಾ?"

ಘಾಳೆಪ್ಪ ಎದ್ದು ನಾಲ್ಕು ಜನರನ್ನು ಕರೆದ. ಕಾರನ್ನು ಇಳಿಜಾರಿಗೆ ತಂದು ಉರುಳಿಸಿದ. ತಿಂಗಳುಗಟ್ಟಲೆ ತಣ್ಣಗೆ ನಿಂತಿದ್ದ ಅದು ಎರಡು ಸಲ ಕೆಮ್ಮಿ ಹಳ್ಳದ ಬಳಿ ನಿಂತಿತು. ಎತ್ತು ಕಟ್ಟಿ ಮೇಲೆ ಎಳೆದು ತಂದರು. ಪೇಟೆಯಿಂದ ಒಬ್ಬ ರಿಪೇರಿಯವನು ಬಂದು ನೋಡಿ, ಹೀಟರ್ ಪ್ಲಗ್ಗುಗಳೆಲ್ಲ ಸತ್ತಿವೆ ಎಂದ. ನಾಲ್ಕನೆಯದು ಒಳಗೇ ಕಚ್ಚಿಕೊಂಡಿದೆ, ತಿರುಗಿಸಿದರೆ ಮುರಿಯುತ್ತದೆ, ಮುರಿದರೆ ಈ ಎಂಜಿನ್ನು ಮುಗಿಯಿತು, ಈಗಲೇ ಗುಜರಿಗೆ ಹಾಕಿ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸುಗಲಾ ಅಂದು ಊಟ ಮಾಡಲಿಲ್ಲ. ಆಗ ಘಾಳೆಪ್ಪ ಝರೆಪ್ಪನಿಗೆ ಹೇಳಿ ಕಳಿಸಿದ.

ಝರೆಪ್ಪ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ನಡೆದು ಬಂದ. ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಹೊಸ ಪ್ಲಗ್ಗುಗಳಿದ್ದವು. ಯಾವ ಕಾರೆಂದು ಅವನಿಗೆ ಕನಸಿನಲ್ಲಿ ತಿಳಿದಿತ್ತು ಎನ್ನುತ್ತಾರೆ. ಕರೆಯಲು ಹೋದವನನ್ನೇ ಕೇಳಿ ತಿಳಿದುಕೊಂಡಿರಬೇಕು ಎಂದು ನನಗೆ ಅನ್ನಿಸುತ್ತದೆ. ಧೋತ್ರ ಸರಿಸಿ, ಇದರಲ್ಲಿ ಯಾರು ಕೂಡುತ್ತಿದ್ದರು ಎಂದು ಕೇಳಿದ. ಊರಿನ ಹೆಣ್ಣುಮಕ್ಕಳೆಲ್ಲ ಎಂದಳು ಸುಗಲಾ. ಗಾಡಿಗೆ ಶೋಕ ಹತ್ತಿದೆ ಎಂದು ಘಾಳೆಪ್ಪ ಹೇಳಿದ.

ಝರೆಪ್ಪ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. "ಶೋಕ ಅದ, ಇಲ್ಲಂತಿಲ್ಲ," ಎಂದ. ಪ್ಲಗ್ಗುಗಳ ಕಡೆ ಬೆರಳು ಮಾಡಿದ. "ಆದ್ರ ಹಲ್ಲೂ ಬಿದ್ದಾವ."

ಮೊದಲು ಬ್ಯಾಟರಿಯ ತಂತಿ ಬಿಡಿಸಿದ. ಪ್ಲಗ್ಗುಗಳ ಬುಡಕ್ಕೆ ಹನಿಹನಿಯಾಗಿ ಸೀಮೆಎಣ್ಣೆ ಬಿಟ್ಟು, ಅಂದು ಏನನ್ನೂ ಮುಟ್ಟದೆ ಜಗುಲಿಯ ಮೇಲೆ ಮಲಗಿದ. ಬೆಳಗಾದ ಮೇಲೆ ಬಿಸಿನೀರು ಕೇಳಿದ. ಸುಗಲಾಳ ತಾಯಿ ಮಾಣಿಕಮ್ಮ ಹಿತ್ತಲ ಹಂಡೆಯಿಂದ ತೋಡಿ ಕೊಟ್ಟಳು. ಮೊದಲು ಉಗುರುಬೆಚ್ಚಗಿನದು. ಚಳಿಯಲ್ಲಿದ್ದ ಕಬ್ಬಿಣಕ್ಕೆ ಒಮ್ಮೆಲೇ ಕುದಿಯುವ ನೀರು ಹಾಕಿದರೆ ಸೀಳುತ್ತದೆ. ರೇಡಿಯೇಟರಿಗೆ ಸುರಿದು, ಆರಿದ ಮೇಲೆ ಕೆಳಗಿನಿಂದ ಬಿಟ್ಟು, ಇನ್ನಷ್ಟು ಬಿಸಿಯದು ಸುರಿದ. ಹೀಗೆ ಎಂಜಿನ್ನಿನ ತಲೆ ಜ್ವರ ಬಂದ ಹಣೆಯಷ್ಟು ಬಿಸಿಯಾದ ಮೇಲೆ ಪಾನಾ ಹಚ್ಚಿದ.

ಮೂರು ಪ್ಲಗ್ಗು ಬಂದವು. ಒಂದೊಂದನ್ನೂ ಬ್ಯಾಟರಿಗೆ ತಾಗಿಸಿ ನೋಡಿದ. ಯಾವುದರ ತುದಿಯೂ ಕೆಂಪಾಗಲಿಲ್ಲ. ನಾಲ್ಕನೆಯದು ಕದಲಲಿಲ್ಲ.

ಅಷ್ಟರಲ್ಲಿ ಮಾಣಿಕಮ್ಮನ ಹಂಡೆ ಬರಿದಾಗಿತ್ತು. ಕಾರಿಗೆ ನೀರು ಬೇಕಂತೆ ಎಂಬ ಸುದ್ದಿ ಓಣಿಗೆ ಹೋಯಿತು. ಯಾವ ಯಾವ ಮನೆಯ ಮಗಳು ಆ ಕಾರಿನಲ್ಲಿ ಹೋಗಿದ್ದಳೋ ಆ ಮನೆಯಿಂದ ಬಿಸಿನೀರು ಬಂತು. ಎಂದರೆ ಎಲ್ಲ ಮನೆಗಳಿಂದಲೂ ಬಂತು. ಅಂದು ಊರಿನಲ್ಲಿ ಯಾರೂ ಸ್ನಾನ ಮಾಡಲಿಲ್ಲ ಎನ್ನುತ್ತಾರೆ. ಕೊಡಗಳ ಸಾಲು ಹಳ್ಳದವರೆಗೆ ಇತ್ತು ಎನ್ನುತ್ತಾರೆ. ಅಷ್ಟನ್ನು ನಾನು ಒಪ್ಪಲಾರೆ. ಅಂಗಳ ತುಂಬಿತ್ತು, ಅದು ನಿಜ.

ಝರೆಪ್ಪ ಪಾನಾವನ್ನು ಕೂದಲೆಳೆಯಷ್ಟು ಎಡಕ್ಕೆ ಒತ್ತುತ್ತಿದ್ದ, ಮತ್ತೆ ಬಲಕ್ಕೆ ತರುತ್ತಿದ್ದ, ಮತ್ತೆ ಕೈಬಿಟ್ಟು ನೀರಿಗಾಗಿ ಕಾಯುತ್ತಿದ್ದ. ಘಾಳೆಪ್ಪನಿಗೆ ನಿಂತ ಕಾಲು ನಿಲ್ಲಲಿಲ್ಲ.

"ಝರೆಪ್ಪಣ್ಣಾ, ಒಂದು ಜೋರು ಕೊಟ್ರ ಬರ್ತದಲ್ಲೋ!"

"ಬರ್ತದ," ಎಂದ ಝರೆಪ್ಪ. "ಅರ್ಧ ಬರ್ತದ."

ಜನ ನಕ್ಕರು. ಸುಗಲಾ ನಗಲಿಲ್ಲ. ಅವಳ ಕಣ್ಣು ಪಾನಾ ಹಿಡಿದ ಆ ಕೈಯ ಮೇಲೇ ಇತ್ತು. ಝರೆಪ್ಪ ಪಾನಾ ಕೆಳಗಿಟ್ಟು, ನಿಮ್ಮಪ್ಪ ಗಾಡಿ ಹೇಗೆ ಶುರು ಮಾಡುತ್ತಿದ್ದ ಎಂದು ಅವಳನ್ನು ಕೇಳಿದ. ಅವಳು ಎಲ್ಲ ಹೇಳಿದಳು. ಸುರುಳಿ ಕೆಂಪಾಗುವವರೆಗೆ ಕಾಯುವುದು, ಏನಾದರೂ ಮರೆತೆಯಾ ಎಂದು ಕೇಳುವುದು, ಹುಡುಗಿಯರು ಇಳಿದು ಓಡುವುದು, ಎಲ್ಲ.

ಝರೆಪ್ಪ ಬಗ್ಗಿ, ಪ್ಲಗ್ಗುಗಳ ಕಡೆಗೆ ಬರುವ ತಂತಿಯನ್ನು ಎತ್ತಿ ತೋರಿಸಿದ. ಅದನ್ನು ಯಾರೋ ನಡುವೆಯೇ ಕತ್ತರಿಸಿದ್ದರು. ತುದಿಗೆ ಬಟ್ಟೆ ಸುತ್ತಿ ಗಂಟು ಹಾಕಿದ್ದರು. ಆ ಬಟ್ಟೆ ಎಣ್ಣೆ ಧೂಳು ಕುಡಿದು ಕಲ್ಲಿನಂತಾಗಿತ್ತು.

"ಇದು ಕಡ್ದು ಭಾಳ ವರ್ಷ ಆಗ್ಯಾವ ತಂಗಿ," ಎಂದ. "ನಿಮ್ಮಪ್ಪನೇ ಕಡ್ದು ಕಟ್ಟಿರಬೇಕು. ಸತ್ತ ಪ್ಲಗ್ಗಿಗೆ ಬ್ಯಾಟರಿ ಯಾಕ ಸುಡಬೇಕಂತ. ಅಲ್ಲಿ ಕೆಂಪಾಗಾದು ಏನೂ ಇದ್ದಿಲ್ಲ."

ಘಾಳೆಪ್ಪ ಆಗ ಒಂದು ಮಾತು ನೆನೆಸಿಕೊಂಡು ಹೇಳಿದ. ಮದುಮಗಳನ್ನು ಕಳಿಸುವ ದಿನ ಅಣ್ಣ ಎಲ್ಲರಿಗಿಂತ ಮೊದಲು ಎದ್ದು, ಕಾರನ್ನು ಇಳಿಜಾರಿನಲ್ಲಿ ಬಿಟ್ಟು, ಹಳ್ಳದಾಚೆ ದೂರದವರೆಗೆ ಓಡಿಸಿ ತಂದು ನಿಲ್ಲಿಸುತ್ತಿದ್ದ. ಎಂಜಿನ್ನು ಆಗಲೇ ಬೆಚ್ಚಗಿರುತ್ತಿತ್ತು. ಅದಕ್ಕೆ ಕಾಯುವ ಅಗತ್ಯವೇ ಇರಲಿಲ್ಲ. ಅಷ್ಟು ವರ್ಷ ಊರೆಲ್ಲ ಅವನ ಬೆನ್ನು ನೋಡುತ್ತ ನಿಂತಿತ್ತು. ಅವನ ಮುಂದಿನ ಸುರುಳಿ ಕಪ್ಪಗೇ ಇತ್ತು.

ಮತ್ತೆ ಯಾತಕ್ಕೆ ಕಾಯುತ್ತಿದ್ದ ಎಂದು ಯಾರೋ ಕೇಳಿದರು. ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದ ಮಾಣಿಕಮ್ಮ ಮಾತಾಡಿದಳು.

ಅವಳು ಮದುವೆಯಾಗಿ ಬಂದದ್ದೂ ಅದೇ ಕಾರಿನಲ್ಲಿ. ಆಗ ಕಾರು ಹೊಸದು, ಬಿಸಿಲು ಏರಿತ್ತು. ವೈಜಪ್ಪ ಕೀಲಿ ತಿರುಗಿಸಿದ, ಕಾರು ಹೊರಟಿತು. ಊರು ದಾಟಿದ ಮೇಲೆ ಅವಳಿಗೆ ನೆನಪಾಯಿತು. ಅವಳ ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಗಂಡ ಸತ್ತವಳು ಮದುವೆಯ ಅಂಗಳಕ್ಕೆ ಬರಬಾರದೆಂದು ಹಿತ್ತಲಲ್ಲಿ ನಿಂತು, ಮೊಮ್ಮಗಳು ಬಂದಾಳು, ಮುಖ ಸವರೇನು ಎಂದು ಕಾಯುತ್ತಿದ್ದಳು. ಮಾಣಿಕಮ್ಮ ಹೋಗುವುದನ್ನು ಮರೆತಿದ್ದಳು. ಮುಂದೆ ತವರಿಗೆ ಹೋಗುವ ಹೊತ್ತಿಗೆ ಅಜ್ಜಿ ಇರಲಿಲ್ಲ.

"ಒಮ್ಮೆ ರೊಟ್ಟಿ ಬಡೀತಾ ಹೇಳಿದ್ದೆ," ಎಂದಳು ಮಾಣಿಕಮ್ಮ. "ಅವ್ರು ಏನೂ ಅನಲಿಲ್ಲ. ಉಂಡು ಎದ್ದು ಹೋದ್ರು."

ಆಮೇಲೆ ಹೋದ ಯಾವ ಮದುಮಗಳ ಕಾರೂ ಒಮ್ಮೆಲೇ ಹೊರಡಲಿಲ್ಲ.

ಅವಳ ಮಾತು ಮುಗಿಯುತ್ತಲೇ ನಾಲ್ಕನೆಯ ಪ್ಲಗ್ಗು ತಾನಾಗಿ ತಿರುಗಿ ಹೊರಗೆ ಬಂತು ಎನ್ನುತ್ತಾರೆ. ನನ್ನ ಅಜ್ಜಿ ಹಾಗೆ ಹೇಳುತ್ತಿರಲಿಲ್ಲ. ಮಾಣಿಕಮ್ಮನ ಕೈಯಲ್ಲಿದ್ದ ಕೊಡವನ್ನೂ ಸುರಿದರು, ಇನ್ನೂ ಹಲವು ಕೊಡ ಸುರಿದರು, ಝರೆಪ್ಪ ಎಡಕ್ಕೆ ಬಲಕ್ಕೆ ಎಂದು ಮಧ್ಯಾಹ್ನದವರೆಗೆ ಕೈ ಆಡಿಸಿದ, ಆಮೇಲೆ ಅದು ಇಡಿಯಾಗಿ ಬಂತು, ಇದು ಅಜ್ಜಿಯ ಮಾತು. ಝರೆಪ್ಪ ಅದನ್ನು ಅಂಗೈಯಲ್ಲಿಟ್ಟು ಸುಗಲಾಳಿಗೆ ತೋರಿಸಿದ. ಆಗ ಅವಳು ಅತ್ತಳು.

ರಂಧ್ರಗಳ ಮಸಿ ಒರೆಸಿ, ಹೊಸ ಪ್ಲಗ್ಗುಗಳನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ ಕೂಡಿಸಿದ. ಪಾನಾದಿಂದ ಬರೀ ಒಂದು ಸಣ್ಣ ಬಿಗಿ ಕೊಟ್ಟ. ತಂತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಾಣಿಕಮ್ಮನ ಕೈಗೆ ಕೊಟ್ಟು, ತಂತಿ ಕೂಡಿಸಿದ. ಬ್ಯಾಟರಿ ಹಚ್ಚಿ ಕೀಲಿ ತಿರುಗಿಸಿದಾಗ ಡ್ರೈವರನ ಮುಂದಿನ ಸುರುಳಿ ನಿಧಾನವಾಗಿ ಕೆಂಪಾಯಿತು. ಅದು ಕೆಂಪಾದದ್ದನ್ನು ಸುಗಲಾ ಅದೇ ಮೊದಲು ನೋಡಿದ್ದು.

ಮದುವೆಯಾಯಿತು. ಮರುದಿನ ನಸುಕಿನಲ್ಲಿ, ಅಂಗಳದಲ್ಲೇ ನಿಂತಿದ್ದ ಕಾರಿನಲ್ಲಿ ಘಾಳೆಪ್ಪ ಅಣ್ಣನ ಜಾಗದಲ್ಲಿ ಕುಳಿತ. ಸುಗಲಾ ಗಂಡನ ಪಕ್ಕದಲ್ಲಿ ಹಿಂದೆ ಕುಳಿತಳು. ಊರೆಲ್ಲ ಸುತ್ತ ನಿಂತಿತ್ತು. ಘಾಳೆಪ್ಪ ಕೀಲಿ ತಿರುಗಿಸಿದ. ಸುರುಳಿ ಕೆಂಪಾಯಿತು. ಇನ್ನು ಹೊರಡಬಹುದಿತ್ತು. ಅವನು ಹೊರಡಲಿಲ್ಲ. ಅವನು ಒರಟು ಮನುಷ್ಯ. ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ. ಆದರೂ ಹಿಂದೆ ತಿರುಗದೆ ಕೇಳಿದ:

"ಏನಾರ ಮರ್ತೀ ಏನವ್ವಾ?"

ಸುಗಲಾ ಅಂಗಳ ನೋಡಿದಳು. ಎಲ್ಲರೂ ಇದ್ದರು. ಬಾಗಿಲು ತೆರೆದು ಇಳಿದಳು. ಜನರ ನಡುವೆ ಹಾದು, ಮನೆಯೊಳಗಿಂದ ನೇರ ಹಿತ್ತಲಿಗೆ ಹೋದಳು. ಅಲ್ಲಿ ಹಂಡೆಯ ಪಕ್ಕದಲ್ಲಿ, ಅಂದು ಅಜ್ಜಿ ನಿಂತಂತೆ, ಮಾಣಿಕಮ್ಮ ನಿಂತಿದ್ದಳು. ವಿಧವೆ ಮಗಳನ್ನು ಕಳಿಸಲು ಮುಂದೆ ಬರಬಾರದಲ್ಲ.

ಹಿತ್ತಲಲ್ಲಿ ಅವರಿಬ್ಬರು ಏನು ಮಾತಾಡಿದರು ಎಂಬುದು ಯಾವ ಕಥೆಯಲ್ಲೂ ಇಲ್ಲ. ಬಹಳ ಹೊತ್ತಾಯಿತು. ಸುರುಳಿ ಆರಿತು. ಘಾಳೆಪ್ಪ ಮತ್ತೆ ಕೆಂಪು ಮಾಡಿದ. ಮತ್ತೆ ಆರಿತು.

"ಬ್ಯಾಟರಿ ಇಳೀತದೋ ಘಾಳ್ಯಾ!" ಎಂದರು ಯಾರೋ.

"ಇಳೀಲಿ ಬಿಡ್ರಿ," ಎಂದ ಮದುವೆಗೆಂದು ಉಳಿದಿದ್ದ ಝರೆಪ್ಪ. "ತಳ್ಳಾಕ ಮುಂದ ಇಳಿಜಾರು ಅದ."

ಕೊನೆಗೆ ಸುಗಲಾ ಬಂದಳು. ಒಬ್ಬಳೇ ಬರಲಿಲ್ಲ. ತಾಯಿಯ ಕೈ ಹಿಡಿದು, ಕಾರಿನ ಬಾಗಿಲವರೆಗೆ ಕರೆದುಕೊಂಡು ಬಂದಳು. ಮಾಣಿಕಮ್ಮನ ಇನ್ನೊಂದು ಕೈಯಲ್ಲಿ ಹಂಡೆಯ ನೀರಿನ ಚೊಂಬು ಇತ್ತು. ಇಡಲು ಮರೆತು ತಂದಿದ್ದಳೋ ಬೇಕೆಂದೇ ತಂದಿದ್ದಳೋ, ಅದನ್ನು ಕಾರಿನ ಮೂತಿಗೆ ಸುರಿದಳು. ಚಳಿಯಲ್ಲಿ ಹಬೆ ಎದ್ದಿತು. ಘಾಳೆಪ್ಪ ಕೀಲಿ ತಿರುಗಿಸಿದ. ಕಾರು ಯಾರೂ ತಳ್ಳದೆ, ಸಮನೆಲದಿಂದಲೇ ಹೊರಟಿತು.

ಊಟಕ್ಕೆ ಕರೆಯಲೆಂದು ಹುಡುಕಿದರೆ ಝರೆಪ್ಪ ಇರಲಿಲ್ಲ. ಅವನು ಹಬೆಯೊಳಗೆ ಕರಗಿದ ಎನ್ನುವವರಿದ್ದಾರೆ. ಹಳ್ಳದ ದಾರಿಯಲ್ಲಿ ಗೋಣಿಚೀಲ ಹೊತ್ತು ಹೋಗುವುದನ್ನು ಕಂಡೆವು ಎನ್ನುವವರೂ ಇದ್ದಾರೆ.

ಈಗ ಆ ದಿಬ್ಬದ ಊರುಗಳಲ್ಲಿ ಕಾರುಗಳು ಬಹಳ. ಕೀಲಿ ತಿರುಗಿಸಿದ ಕ್ಷಣವೇ ಹೊರಡುತ್ತವೆ. ಯಾವುದಕ್ಕೂ ಕಾಯಬೇಕಾಗಿಲ್ಲ. ಆದರೂ ಮದುಮಗಳು ಹೊರಡುವ ಬೆಳಗ್ಗೆ ಪ್ರತಿ ಮನೆಯಿಂದ ಒಂದೊಂದು ಚೊಂಬು ಬಿಸಿನೀರು ತಂದು ಕಾರಿನ ಮುಂದೆ ಸುರಿಯುತ್ತಾರೆ. ಅದಕ್ಕೆ ಝರೆಪ್ಪನ ನೀರು ಎನ್ನುತ್ತಾರೆ. ಮೊದಲ ಚೊಂಬು ಹುಡುಗಿಯ ತಾಯಿಯದು, ಅವಳ ಗಂಡ ಇರಲಿ ಇಲ್ಲದಿರಲಿ. ಆಮೇಲೆ ಡ್ರೈವರನು ಹಿಂದೆ ತಿರುಗದೆ ಆ ಒಂದು ಮಾತು ಕೇಳುತ್ತಾನೆ. ಬಾಡಿಗೆಗೆ ಬಂದ ಬೇರೆ ಊರಿನ ಡ್ರೈವರನಾದರೆ ಊರಿನವರು ಅವನಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಕೇಳಿದ ಮೇಲೆ ಅವನು ಕೈ ಮಡಿಲಲ್ಲಿಟ್ಟು ಕೂಡುತ್ತಾನೆ. ಗಾಡಿ ಇನ್ನೂ ಬಿಸಿಯಾಗುತ್ತಿದೆ ಎಂದು ಸುತ್ತ ನಿಂತವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.